ತೊಗಲಿನ ವೀರರು

ಸಿರುಗುಪ್ಪದ ಬಸ್ ನಿಲ್ದಾಣದ ಬಳಿ ನಿಂತಿರುವ ಯಾವ ಹುಡುಗನನ್ನಾದರೂ ಕರೆದು, ಆಕಾಶದಲ್ಲಿ ಹಾರುವ ವೀರನು ಯಾರೆಂದು ಕೇಳಿದರೆ ಅವನು ತಡವರಿಸದೆ ಸೂಪರ್‌ಮ್ಯಾನ್ ಎನ್ನುತ್ತಾನೆ. ಗೋಡೆ ಹತ್ತುವವನು ಸ್ಪೈಡರ್‌ಮ್ಯಾನ್. ಇರುಳಿನಲ್ಲಿ ಕರಿಯ ನಿಲುವಂಗಿ ತೊಟ್ಟು ದುಷ್ಟರನ್ನು ಹುಡುಕುವವನು ಬ್ಯಾಟ್‌ಮ್ಯಾನ್. ಇವರೆಲ್ಲರೂ ಅಮೆರಿಕದ ಚಿತ್ರಕಥೆಗಳಿಂದ ಹೊರಟು ಬಂದವರು. ಸೂಪರ್‌ಮ್ಯಾನ್ 1938ರಲ್ಲಿ ಕಾಣಿಸಿಕೊಂಡನು, ಮರುವರ್ಷ ಬ್ಯಾಟ್‌ಮ್ಯಾನ್ ಬಂದನು, ಸ್ಪೈಡರ್‌ಮ್ಯಾನ್ 1962ರವನು. ಅಗ್ಗದ ಕಾಗದದ ಮೇಲೆ ಅಚ್ಚಾಗಿ ಹುಟ್ಟಿದ ಈ ವೀರರು ಸಿನಿಮಾದ ಪರದೆಗೆ ಏರಿ, ಅಲ್ಲಿಂದ ಮನೆಮನೆಯ ದೂರದರ್ಶನಕ್ಕೆ ಇಳಿದು, ಈಗ ಮಕ್ಕಳ ಅಂಗಿಯ ಮೇಲೂ ಶಾಲೆಯ ಚೀಲದ ಮೇಲೂ ನಿಂತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಕಥೆಯ ಊರು ಯಾವುದಾದರೇನು?

ಆದರೆ ಅದೇ ಹುಡುಗನಿಗೆ ಬೇರೆ ಪ್ರಶ್ನೆಗಳನ್ನು ಹಾಕಿ ನೋಡಬೇಕು. ತನ್ನ ಬಾಲವನ್ನೇ ಸುತ್ತಿ ಸುತ್ತಿ ಕೋಟೆ ಕಟ್ಟಿದವನು ಯಾರು? ತಾವರೆಯ ದಂಟಿನೊಳಗೆ ನುಸುಳಿ ಪಾತಾಳಕ್ಕೆ ಇಳಿದವನು ಯಾರು? ಅಲ್ಲಿಯ ಹೆಬ್ಬಾಗಿಲಿನಲ್ಲಿ ತನ್ನನ್ನು ತಡೆದು ಕಾದಾಡಿದ ಕಾವಲುಗಾರನು ತನ್ನ ಮಗನೇ ಎಂದು ತಿಳಿದು ಬೆರಗಾದವನು ಯಾರು? ಹುಡುಗ ತಲೆ ಕೆರೆದುಕೊಂಡಾನು. ಅವನ ಮುತ್ತಜ್ಜನಿಗೆ ಈ ಪ್ರಶ್ನೆಗಳು ಕಠಿಣವೆನಿಸುತ್ತಿರಲಿಲ್ಲ. ಆ ಕಾಲದಲ್ಲಿ ಅಕ್ಷರ ಬಲ್ಲವರು ಹಳ್ಳಿಗೆ ಇಬ್ಬರೋ ಮೂವರೋ ಇದ್ದರು. ಚಿತ್ರಕಥೆಯನ್ನು ಮಾತ್ರ ಊರಿಗೆ ಊರೇ ಬಲ್ಲುದಾಗಿತ್ತು. ಅದು ಕಾಗದದ ಮೇಲೆ ಇರಲಿಲ್ಲ, ತೊಗಲಿನ ಮೇಲೆ ಇತ್ತು.

ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟವು ಸಿಳ್ಳೇಕ್ಯಾತರು ಅಥವಾ ಕಿಳ್ಳೇಕ್ಯಾತರು ಎಂದು ಕರೆಯಲ್ಪಡುವ ಜನರ ಕುಲವಿದ್ಯೆ. ಇವರ ಮನೆಯ ಮಾತು ಮರಾಠಿಯನ್ನು ಹೋಲುತ್ತದೆ. ಪರದೆಯ ಹಿಂದೆ ಕುಳಿತರೆ ಅದೇ ನಾಲಗೆಯಲ್ಲಿ ಕನ್ನಡ ಹರಿಯುತ್ತದೆ. ತೆಲುಗು ನೆಲಕ್ಕೆ ಹೋದ ಮೇಳದವರು ತೆಲುಗಿನಲ್ಲಿ ಹಾಡುತ್ತಾರೆ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಆಂಧ್ರದ ಗಡಿ, ಸಂತೆಯಲ್ಲಿ ಎರಡು ಭಾಷೆಗಳಲ್ಲಿಯೂ ಚೌಕಾಸಿ ಮಾಡುವ ಜನ, ಹೀಗಿರುವ ಸಿರುಗುಪ್ಪದಂತಹ ತಾಲ್ಲೂಕಿಗೆ ಇಂತಹ ಕಲಾವಿದರು ಹೇಳಿ ಮಾಡಿಸಿದಂತೆ ಇದ್ದರು. ಸುಗ್ಗಿ ಮುಗಿದು ರೈತನ ಮನೆಯಲ್ಲಿ ಕಾಳು ಇರುವ ದಿನಗಳಲ್ಲಿ ಗೊಂಬೆಯ ಪೆಟ್ಟಿಗೆಯನ್ನು ಹೊತ್ತು ಅವರು ಊರಿಂದೂರಿಗೆ ನಡೆಯುತ್ತಿದ್ದರು. ಮಳೆ ಹಿಂದೆಗೆದರೆ, ದನಕರುಗಳಿಗೆ ಬೇನೆ ಬಂದರೆ, ಊರಿನ ಹಿರಿಯರೇ ಅವರನ್ನು ಕರೆಸಿ ಆಡಿಸುವ ಪದ್ಧತಿಯೂ ಉಂಟು.

ಆಟದ ಸಲಕರಣೆ ಬಹಳವೇನೂ ಇಲ್ಲ. ನಾಲ್ಕು ಕಂಬ ನೆಟ್ಟು, ಮೂರು ಕಡೆ ಕಂಬಳಿಯನ್ನೋ ಚಾಪೆಯನ್ನೋ ಕಟ್ಟಿ, ಎದುರಿಗೆ ತೆಳುವಾದ ಬಿಳಿಯ ಬಟ್ಟೆಯನ್ನು ಬಿಗಿಯಾಗಿ ಎಳೆದರೆ ರಂಗಸ್ಥಳ ಸಿದ್ಧವಾಯಿತು. ಒಳಗೆ ದೀಪ. ಹಿಂದೆ ಹರಳೆಣ್ಣೆಯ ದೀಪವಿತ್ತು, ಈಗ ವಿದ್ಯುತ್ತಿನ ಬಲ್ಬು ಇದೆ. ಇವೆರಡರ ಬೆಳಕಿಗೂ ವ್ಯತ್ಯಾಸವಿದೆ. ಬಲ್ಬಿನ ಬೆಳಕು ನಿಶ್ಚಲವಾದದ್ದು. ಎಣ್ಣೆಯ ದೀಪದ ಕುಡಿ ಗಾಳಿಗೆ ಅಲುಗಿದಾಗಲೆಲ್ಲ ಪರದೆಯ ಮೇಲಿನ ರಾವಣನ ಎದೆ ಉಸಿರಾಡಿದಂತೆ ಕಾಣುತ್ತದೆ. ದೀಪಕ್ಕೂ ಪರದೆಗೂ ನಡುವೆ ಕುಳಿತ ಮೇಳದ ಯಜಮಾನನು ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದು ಆಡಿಸುತ್ತಾನೆ, ಹಾಡುತ್ತಾನೆ, ಮಾತನಾಡುತ್ತಾನೆ. ಅವನ ಮಡದಿ ಹೆಣ್ಣು ಪಾತ್ರಗಳಿಗೆ ದನಿ ಕೊಡುತ್ತಾಳೆ. ಮನೆಯ ಉಳಿದವರು ತಾಳ, ಮದ್ದಳೆ, ಹಾರ್ಮೋನಿಯಂ ಹಿಡಿಯುತ್ತಾರೆ. ಒಂದು ಸಂಸಾರವೇ ಒಂದು ಮೇಳ.

ಗೊಂಬೆಯನ್ನು ಮಾಡುವ ಕೆಲಸ ಇದಕ್ಕಿಂತ ನಿಧಾನವಾದದ್ದು. ಹೆಚ್ಚಾಗಿ ಮೇಕೆಯ ಚರ್ಮವನ್ನು, ಹಿಂದೆ ಜಿಂಕೆಯ ಚರ್ಮವನ್ನೂ, ನೆನೆಸಿ, ಕೂದಲು ಹೆರೆದು, ಬಿಗಿದು ಕಟ್ಟಿ ಒಣಗಿಸಿದರೆ ಅದು ಬೆಳಕನ್ನು ಒಳಗೆ ಬಿಡುವಷ್ಟು ತೆಳುವಾಗುತ್ತದೆ. ಅದರ ಮೇಲೆ ಆಕೃತಿಯನ್ನು ಗೀರಿ, ಅಂಚನ್ನು ಕತ್ತರಿಸಿ, ಕಿರೀಟ, ಹಾರ, ನಡುಕಟ್ಟು ಇರುವ ಕಡೆಗಳಲ್ಲಿ ಸಣ್ಣ ಉಳಿಗಳಿಂದ ತೂತು ಹೊಡೆಯುತ್ತಾರೆ. ಹಗಲಿನಲ್ಲಿ ನೋಡಿದರೆ ಅವು ಬರಿಯ ತೂತುಗಳು. ರಾತ್ರಿ ದೀಪದ ಮುಂದೆ ಹಿಡಿದರೆ ಪ್ರತಿಯೊಂದೂ ಒಂದೊಂದು ಮುತ್ತು. ಬಣ್ಣವನ್ನು ಎರಡೂ ಮಗ್ಗುಲಿಗೆ ಹಚ್ಚಬೇಕು. ಕೆಂಪು, ಹಸಿರು, ಕಪ್ಪು, ಇವೇ ಮುಖ್ಯ. ತೊಗಲಿನ ಸಹಜವಾದ ಜೇನುಬಣ್ಣವೇ ಉಳಿದ ಕೊರತೆಯನ್ನು ತುಂಬುತ್ತದೆ. ಕಡೆಗೆ ಬಿದಿರಿನ ಸೀಳಿನ ನಡುವೆ ಗೊಂಬೆಯನ್ನು ಕಚ್ಚಿಸಿ ಕಟ್ಟಿದರೆ ವೀರನೊಬ್ಬ ಯುದ್ಧಕ್ಕೆ ಸಿದ್ಧನಾದಂತೆ.

ಕರ್ನಾಟಕದ ತೊಗಲುಗೊಂಬೆಗಳಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಇಲ್ಲಿ ಒಬ್ಬೊಬ್ಬನಿಗೆ ಒಂದೊಂದು ಗೊಂಬೆ ಎಂಬ ಲೆಕ್ಕವಿಲ್ಲ. ಎಷ್ಟೋ ವೇಳೆ ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವನ್ನೇ ಕೊರೆದಿರುತ್ತಾರೆ. ಮರ, ಮರದ ಕೆಳಗೆ ಸೀತೆ, ಸುತ್ತ ರಾಕ್ಷಸಿಯರು, ಕೊಂಬೆಯ ಮೇಲೆ ಹಕ್ಕಿ, ಎಲ್ಲವೂ ಸೇರಿ ಒಂದು ತುಂಡು. ರಥ, ಕುದುರೆ, ಸಾರಥಿ, ಬಿಲ್ಲು ಹೂಡಿದ ವೀರ ಸೇರಿ ಇನ್ನೊಂದು ತುಂಡು. ಚಿತ್ರಕಥೆಯ ಪುಸ್ತಕದಲ್ಲಿ ಚೌಕದ ಪಕ್ಕದಲ್ಲಿ ಚೌಕ ಬಂದು ಕಥೆ ಮುಂದೆ ಸಾಗುವಂತೆ, ಇಲ್ಲಿ ತೊಗಲಿನ ಹಿಂದೆ ತೊಗಲು ಬಂದು ಕಥೆ ನಡೆಯುತ್ತದೆ. ಪುಸ್ತಕದಲ್ಲಿ ಮಾತು ಗುಳ್ಳೆಯ ಒಳಗೆ ಇರುತ್ತದೆ. ಇಲ್ಲಿ ಯಜಮಾನನ ಕಂಠದಲ್ಲಿ ಇರುತ್ತದೆ. ಒಂದೇ ರಾತ್ರಿಗೆ ಮುಗಿಯದ ಕಥೆಯನ್ನು ಮರುದಿನಕ್ಕೆ ಉಳಿಸಿ ಜನರನ್ನು ಮತ್ತೆ ಬರಮಾಡಿಕೊಳ್ಳುವ ಜಾಣತನವೂ ಇವರಿಗೆ ಗೊತ್ತಿತ್ತು.

ಗಾತ್ರದ ವಿಷಯದಲ್ಲಿಯೂ ಈ ಕಲಾವಿದರು ಯಾವ ಸಂಕೋಚವನ್ನೂ ಇಟ್ಟುಕೊಳ್ಳಲಿಲ್ಲ. ದೇವರು, ಅರಸರು, ರಾಕ್ಷಸರು ದೊಡ್ಡವರು. ಸೇವಕರೂ ಸೈನಿಕರೂ ಚಿಕ್ಕವರು. ರಾವಣನಿಗೆ ಹತ್ತು ತಲೆಗಳನ್ನು ಜೋಡಿಸಿದ ಮೇಲೆ ಅವನ ದೇಹ ಎಷ್ಟು ಅಗಲವಾಗಬೇಕೋ ಅಷ್ಟು ಅಗಲ. ಹನುಮಂತನಿಗಂತೂ ಒಂದೇ ಗೊಂಬೆ ಸಾಲದು. ಅಶೋಕವನದ ಕೊಂಬೆಯ ಮೇಲೆ ಕುಳಿತಾಗ ಗೇಣುದ್ದದವನು, ಕಡಲು ಹಾರುವಾಗ ಪರದೆಯ ಈ ತುದಿಯಿಂದ ಆ ತುದಿಗೆ ಚಾಚಿದವನು. ಸಣ್ಣ ಗೊಂಬೆಯನ್ನು ಸರಕ್ಕನೆ ಹಿಂದಕ್ಕೆ ಎಳೆದು ದೊಡ್ಡದನ್ನು ಒತ್ತಿದ ಕ್ಷಣದಲ್ಲಿ ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಸರಿಯುತ್ತಿದ್ದರು. ಇಂದಿನ ಸಿನಿಮಾದವರು ಕೋಟಿಗಟ್ಟಲೆ ಖರ್ಚು ಮಾಡಿ ಸಾಧಿಸುವ ಚಮತ್ಕಾರವನ್ನು ಈ ಜನರು ಎರಡು ತುಂಡು ತೊಗಲಿನಲ್ಲಿ ಮುಗಿಸುತ್ತಿದ್ದರು.

ಈ ಸೀಮೆಯವರಿಗೆ ಹನುಮಂತನು ಹೊರಗಿನವನಲ್ಲ. ಹಂಪೆಯ ಸುತ್ತಲಿನ ಬಂಡೆಗಳ ನಾಡೇ ಕಿಷ್ಕಿಂಧೆ ಎಂಬ ನಂಬಿಕೆ ಹಳೆಯದು. ಆನೆಗೊಂದಿಯ ಬಳಿಯ ಅಂಜನಾದ್ರಿ ಅವನು ಹುಟ್ಟಿದ ಬೆಟ್ಟವೆಂದು ಜನ ಹತ್ತುತ್ತಾರೆ. ಆ ಬೆಟ್ಟದ ಬುಡವನ್ನು ಹಾದು ಹೋಗುವ ತುಂಗಭದ್ರೆಯೇ ಕಂಪ್ಲಿಯನ್ನು ದಾಟಿ ಸಿರುಗುಪ್ಪದ ಗದ್ದೆಗಳ ಕಡೆಗೆ ಬರುತ್ತದೆ. ಹಂಪೆಯ ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ಹದಿನೈದನೆಯ ಶತಮಾನದ ಶಿಲ್ಪಿಗಳು ರಾಮಾಯಣವನ್ನು ಸಾಲುಸಾಲಾದ ಚೌಕಗಳಲ್ಲಿ ಕೆತ್ತಿದ್ದಾರೆ. ಗುಡಿಯನ್ನು ಸುತ್ತುತ್ತ ಬಂದರೆ ಕಥೆ ಮುಂದೆ ಸಾಗುತ್ತದೆ. ಆ ಕಲ್ಲಿನ ಚಿತ್ರಕಥೆಯನ್ನು ನೋಡಲು ದೇಶವಿದೇಶಗಳ ಜನ ಬರುತ್ತಾರೆ. ಅದನ್ನು ಬರೆಸಿದವನು ಅರಸ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ತೊಗಲಿನ ಚಿತ್ರಕಥೆಗೆ ಅಂತಹ ಅರಸನು ಸಿಗಲಿಲ್ಲ.

ಈ ಆಟಗಳ ಕಲ್ಪನೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಅರಿಯಬೇಕಾದರೆ ಮೈರಾವಣನ ಕಥೆಯನ್ನು ಕೇಳಬೇಕು. ವಾಲ್ಮೀಕಿಯ ರಾಮಾಯಣದಲ್ಲಿ ಇದು ಇಲ್ಲ. ಜನಪದರು ಇದನ್ನು ಕಟ್ಟಿಕೊಂಡರು. ಬಯಲಾಟದವರೂ ಯಕ್ಷಗಾನದವರೂ ಗೊಂಬೆಯವರೂ ತಮ್ಮ ತಮ್ಮ ರೀತಿಯಲ್ಲಿ ಬೆಳೆಸಿದರು. ಆದುದರಿಂದ ಇದರ ವಿವರಗಳು ಊರಿಂದೂರಿಗೆ ಬದಲಾಗುತ್ತವೆ.

ಲಂಕೆಯ ಯುದ್ಧದಲ್ಲಿ ರಾವಣನು ಸೋಲುತ್ತ ಬಂದಿದ್ದಾನೆ. ಮಕ್ಕಳು ಮಡಿದಿದ್ದಾರೆ. ಆಗ ಅವನು ಪಾತಾಳದ ದೊರೆಯಾದ ಮಾಯಾವಿ ಮೈರಾವಣನನ್ನು ನೆನೆಯುತ್ತಾನೆ. ಆ ರಾತ್ರಿ ರಾಮಲಕ್ಷ್ಮಣರನ್ನು ಕದ್ದೊಯ್ದು ಕಾಳಿಗೆ ಬಲಿ ಕೊಡುವುದಾಗಿ ಮೈರಾವಣನು ಮಾತು ಕೊಡುತ್ತಾನೆ. ಸುದ್ದಿ ತಿಳಿದ ವಿಭೀಷಣನು ಎಚ್ಚರಿಸಲು, ಹನುಮಂತನು ಬಾಲವನ್ನು ಬೆಳೆಸಿ, ಇಡೀ ಕಪಿಸೇನೆಯ ಸುತ್ತ ಸುರುಳಿ ಸುರುಳಿಯಾಗಿ ಕೋಟೆ ಕಟ್ಟಿ, ಬಾಗಿಲಲ್ಲಿ ತಾನೇ ಕುಳಿತನು. ಕಲ್ಲಿಲ್ಲ, ಗಾರೆಯಿಲ್ಲ, ಬಾಲವೇ ಕೋಟೆ! ಶತ್ರುವಿನ ಬುದ್ಧಿ ಅದನ್ನೂ ಮೀರಿತು. ಮೈರಾವಣನು ವಿಭೀಷಣನ ರೂಪವನ್ನೇ ತಾಳಿ ಬಂದು, ‘ಒಳಗೆ ಹೋಗಿ ಒಮ್ಮೆ ನೋಡಿ ಬರುತ್ತೇನೆ’ ಎಂದನು. ಹನುಮಂತನು ಬಾಲವನ್ನು ಸರಿಸಿ ದಾರಿ ಕೊಟ್ಟನು. ಎಲ್ಲರನ್ನೂ ನಿದ್ದೆಯಲ್ಲಿ ಕೆಡವಿ, ಅಣ್ಣತಮ್ಮಂದಿರನ್ನು ಎತ್ತಿಕೊಂಡು ಮೈರಾವಣನು ಪಾತಾಳಕ್ಕೆ ಇಳಿದನು. ಸ್ವಲ್ಪ ಹೊತ್ತಿಗೆ ನಿಜವಾದ ವಿಭೀಷಣನು ಬಂದು ಒಳಗೆ ಬಿಡೆಂದಾಗ ಹನುಮಂತನ ಮುಖ ಹೇಗಾಗಿರಬೇಕು! ಗೊಂಬೆಯ ಮುಖ ಬದಲಾಗುವುದಿಲ್ಲ. ಅದನ್ನು ಬದಲಾಯಿಸುವ ಭಾರವೆಲ್ಲ ಯಜಮಾನನ ದನಿಯ ಮೇಲೆ.

ಹನುಮಂತನು ಕೊಳಕ್ಕೆ ಧುಮುಕಿ, ಮೈಯನ್ನು ಕುಗ್ಗಿಸಿಕೊಂಡು, ತಾವರೆಯ ದಂಟಿನ ಕೊಳವೆಯಲ್ಲಿ ಪಾತಾಳವನ್ನು ಸೇರಿದನು. ಅಲ್ಲಿಯ ಹೆಬ್ಬಾಗಿಲಿನಲ್ಲಿ ಒಬ್ಬ ಕಾವಲುಗಾರ. ಮೈಯೆಲ್ಲ ಕಪಿಯದು, ಲಕ್ಷಣದಲ್ಲಿ ಮೀನು. ಇಬ್ಬರಿಗೂ ಕಾಳಗವಾಯಿತು. ಇಂದ್ರನ ವಜ್ರಾಯುಧಕ್ಕೆ ಜಗ್ಗದವನು ಈ ಹುಡುಗನ ಮುಂದೆ ಒಂದು ಹೆಜ್ಜೆಯೂ ಮುಂದಿಡಲಾರದೆ ಹೋದನು. ಸೋಲೂ ಇಲ್ಲ, ಗೆಲುವೂ ಇಲ್ಲ. ಕಡೆಗೆ ‘ನೀನು ಯಾರ ಮಗ?’ ಎಂದು ಕೇಳಿದಾಗ, ‘ಹನುಮಂತನ ಮಗ’ ಎಂಬ ಉತ್ತರ ಬಂದಿತು. ಬ್ರಹ್ಮಚಾರಿಗೆ ಮಗನೇ? ಲಂಕೆಯನ್ನು ಸುಟ್ಟು ಕಡಲಿಗೆ ಬಂದಾಗ ಅವನ ಮೈಯಿಂದ ಬಿದ್ದ ಬೆವರಿನ ಹನಿಯನ್ನು ಮೀನೊಂದು ನುಂಗಿತ್ತು. ಅದರ ಹೊಟ್ಟೆಯಲ್ಲಿ ಹುಟ್ಟಿದವನು ಇವನು. ತಂದೆಗೆ ಮಗನ ಸುದ್ದಿಯೇ ತಿಳಿದಿರಲಿಲ್ಲ. ಮಗನು ತಂದೆಯ ಹೆಸರನ್ನು ಹೇಳಿಕೊಂಡೇ ಬೆಳೆದಿದ್ದನು.

ಲೋಕದ ವೀರಕಥೆಗಳಲ್ಲಿ ಇದಕ್ಕೆ ಸಮನಾದ ಗಳಿಗೆಗಳು ಹೆಚ್ಚಿಲ್ಲ. ಗುರುತು ಸಿಕ್ಕಿದೊಡನೆ ಮಗನು ಬಾಗಿಲು ತೆರೆದಿದ್ದರೆ ಕಥೆ ಸುಲಭವಾಗುತ್ತಿತ್ತು. ಅವನು ತೆರೆಯಲಿಲ್ಲ. ಅನ್ನವಿಟ್ಟ ಒಡೆಯನಿಗೆ ದ್ರೋಹ ಬಗೆಯುವುದು ಹೇಗೆ ಎಂದನು. ತಂದೆಯಾದವನಿಗೆ ಏನೆಂದು ಗದರುವುದಕ್ಕೂ ಬಾಯಿ ಬರಲಿಲ್ಲ. ಸ್ವಾಮಿನಿಷ್ಠೆಯನ್ನು ಜಗತ್ತಿಗೆ ಕಲಿಸಿದವನೇ ಅವನಲ್ಲವೇ? ಕೊನೆಗೆ ಮಾತಿನಿಂದಲೋ ಉಪಾಯದಿಂದಲೋ ದಾರಿಯಾಯಿತು ಎಂದು ಒಂದೊಂದು ಮೇಳ ಒಂದೊಂದು ರೀತಿಯಲ್ಲಿ ದಾಟಿಸುತ್ತದೆ. ಮುಂದೆ, ಸೆರೆಯಲ್ಲಿದ್ದ ಮೈರಾವಣನ ತಂಗಿ ಹನುಮಂತನಿಗೆ ನೆರವಾಗುತ್ತಾಳೆ. ರಾಕ್ಷಸನ ಪ್ರಾಣ ಅವನ ದೇಹದಲ್ಲಿಲ್ಲ. ದೂರದಲ್ಲಿ ಬಚ್ಚಿಟ್ಟ ದುಂಬಿಗಳಲ್ಲಿದೆ. ಬೇರೆ ಪಾಠದಲ್ಲಿ ಐದು ದಿಕ್ಕಿನ ಐದು ದೀಪಗಳನ್ನು ಒಂದೇ ಉಸಿರಿಗೆ ಆರಿಸಬೇಕು. ಅದಕ್ಕಾಗಿ ಹನುಮಂತನು ವಾನರ, ನರಸಿಂಹ, ಗರುಡ, ವರಾಹ, ಹಯಗ್ರೀವ ಎಂಬ ಐದು ಮುಖಗಳನ್ನು ತಳೆಯುತ್ತಾನೆ. ರಾಕ್ಷಸನು ಸತ್ತ ಮೇಲೆ ಪಾತಾಳದ ಪಟ್ಟ ಆ ಮೀನಿನ ಮಗನಿಗೇ ದೊರೆಯಿತು ಎಂದು ಹೇಳುವವರೂ ಉಂಟು.

ಇಂತಹ ವೀರರನ್ನು ಪರದೆಗೆ ಕರೆತರುವವನು ಮಾತ್ರ ವೀರನಲ್ಲ. ಗಣಪತಿಯ ಪೂಜೆ ಮುಗಿದೊಡನೆ ಕಾಣಿಸಿಕೊಳ್ಳುವವನು ಕಿಳ್ಳೇಕ್ಯಾತ. ಕರಿಯ ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು. ಅವನ ಹಿಂದೆಯೇ ಜಗಳವಾಡುತ್ತ ಬರುವವಳು ಹೆಂಡತಿ ಬಂಗಾರಕ್ಕ. ಇವರಿಗೆ ಯಾವ ಕಟ್ಟುಪಾಡೂ ಇಲ್ಲ. ಊರಿನ ಗೌಡನ ಜಿಪುಣತನವನ್ನು ಹಾಸ್ಯ ಮಾಡಬಹುದು, ಈ ಸಲದ ಭತ್ತದ ಬೆಲೆಯನ್ನು ಎತ್ತಬಹುದು, ರಾಮರಾವಣರ ಯುದ್ಧದ ನಡುವೆ ನುಗ್ಗಿ ತಮ್ಮ ಸಂಸಾರದ ಗೋಳನ್ನು ಹೇಳಿಕೊಳ್ಳಬಹುದು. ಅರ್ಧರಾತ್ರಿಯಲ್ಲಿ ತೂಕಡಿಸುವ ಜನರನ್ನು ಎಬ್ಬಿಸುವುದು ಇವರ ಕೆಲಸ. ಮೇಳದ ಜನರಿಗೆ ಊರು ಇಟ್ಟ ಹೆಸರು ಈ ಗೊಂಬೆಯದೇ. ಆ ಹೆಸರು ಬರಬರುತ್ತ ಬೈಗುಳದಂತೆಯೂ ಬಳಕೆಯಾಯಿತು. ಆಟವನ್ನು ನೋಡಿ ಬಿದ್ದು ಬಿದ್ದು ನಕ್ಕ ಊರೇ, ಆಟ ಆಡಿಸಿದವರನ್ನು ಬೆಳಗಾದ ಮೇಲೆ ಊರ ಹೊರಗೆ ಇಳಿಸಿತು. ಅವರ ಕೈಯ ರಾಮನಿಗೆ ಕೈಮುಗಿದವರು ಆ ಕೈಯನ್ನು ಮುಟ್ಟಲಿಲ್ಲ. ಈ ಕಲೆ ಹಿಂದೆ ಬೀಳಲು ಸಿನಿಮಾ ಒಂದೇ ಕಾರಣವೆಂದು ಹೇಳುವವರು ಇದನ್ನು ಮರೆಯುತ್ತಾರೆ.

ಸಿನಿಮಾವೂ ಕಾರಣವೇ, ಸಂದೇಹವಿಲ್ಲ. ಟೂರಿಂಗ್ ಟಾಕೀಸಿನ ಡೇರೆ ಊರ ಬಯಲಿಗೆ ಬಂದ ಮೇಲೆ ಗೊಂಬೆಯ ಪೆಟ್ಟಿಗೆಯನ್ನು ಇಳಿಸಲು ಜಾಗ ಕಡಿಮೆಯಾಯಿತು. ನದಿಯಲ್ಲಿ, ಕೆರೆಗಳಲ್ಲಿ ಮೀನು ಹಿಡಿಯುವುದು ಈ ಜನರ ಇನ್ನೊಂದು ಕಸುಬು. ಹೊಟ್ಟೆಪಾಡಿಗೆ ಬಹಳ ಮಂದಿ ಅದಕ್ಕೂ ಕೂಲಿಗೂ ಹೋದರು. ಹಳೆಯ ಗೊಂಬೆಗಳನ್ನು ಕೊಳ್ಳುವವರು ಪೇಟೆಯಿಂದ ಬಂದರು. ಅಜ್ಜನ ಕಾಲದ ರಾವಣನು ಎಷ್ಟೋ ಮನೆಗಳಿಂದ ಹೀಗೆ ಹೊರಟು, ಯಾರದೋ ಹಜಾರದ ಗೋಡೆಗೆ ಚೌಕಟ್ಟಿನಲ್ಲಿ ಏರಿದನು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ. ಎಸ್. ನಂಜುಂಡರಾಯರು ಆಸ್ಥೆಯಿಂದ ಕೂಡಿಸಿದ ಗೊಂಬೆಗಳು ಅಲ್ಲಿಯ ಸಂಗ್ರಹಾಲಯದಲ್ಲಿ ಉಳಿದಿವೆ. ಆ ಕೆಲಸವಾಗದಿದ್ದರೆ ಅವುಗಳ ಗತಿಯೂ ಅದೇ ಆಗುತ್ತಿತ್ತು.

ಅಚ್ಚಿನ ಚಿತ್ರಕಥೆ ಕನ್ನಡಕ್ಕೆ ಬಂದ ಬಗೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ. ಮುಂದೆ ಅಮರ ಚಿತ್ರಕಥೆ ಎಂದು ಹೆಸರಾದ ಮಾಲೆಯ ಮೊದಲ ಹತ್ತು ಸಂಚಿಕೆಗಳು 1965ರ ಸುಮಾರಿಗೆ ಬೆಂಗಳೂರಿನಿಂದ ಕನ್ನಡದಲ್ಲಿಯೇ ಹೊರಬಿದ್ದವು. ಅವುಗಳಲ್ಲಿದ್ದುದು ಸಿಂಡ್ರೆಲಾಳಂತಹ ಯೂರೋಪಿನ ಕಥೆಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಸಂಪಾದಕತ್ವದಲ್ಲಿ ಹನ್ನೊಂದನೆಯ ಸಂಚಿಕೆ ‘ಕೃಷ್ಣ’ ಬಂದ ಮೇಲೆಯೇ ನಮ್ಮ ಪುರಾಣದ ವೀರರಿಗೆ ಕಾಗದದಲ್ಲಿ ಜಾಗ ದೊರೆಯಿತು. ಅಷ್ಟು ಹೊತ್ತಿಗೆ ಬಳ್ಳಾರಿಯ ಹಳ್ಳಿಗಳಲ್ಲಿ ತೊಗಲಿನ ವೀರರು ಎಷ್ಟು ಸಾವಿರ ರಾತ್ರಿಗಳನ್ನು ಕಳೆದಿದ್ದರೋ!

ಆದರೂ ಪೆಟ್ಟಿಗೆಗಳೆಲ್ಲ ಮುಚ್ಚಿಹೋಗಲಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಕುಲದಲ್ಲಿ ಹುಟ್ಟಿ, ರಂಗಭೂಮಿಯ ನಟರಾಗಿ ಹೆಸರು ಪಡೆದು, ಮತ್ತೆ ಗೊಂಬೆಗೆ ಮರಳಿದವರು. ರಾಮಾಯಣದ ಜೊತೆಗೆ ಅವರು ಪರದೆಗೆ ಹೊಸ ವೀರರನ್ನು ತಂದರು. ಸ್ವಾತಂತ್ರ್ಯ ಹೋರಾಟ ಬಂದಿತು, ಮಹಾತ್ಮ ಗಾಂಧಿಯವರ ಬದುಕು ಬಂದಿತು. ಹತ್ತು ತಲೆಯ ದೈತ್ಯನನ್ನು ಕೊರೆದ ಉಳಿಯಿಂದಲೇ ಒಂದು ಕೋಲು, ಒಂದು ಕನ್ನಡಕ, ಮೊಳಕಾಲಿನವರೆಗಿನ ಪಂಚೆ ಇರುವ ಮನುಷ್ಯನನ್ನು ಕೊರೆಯುವುದು ಸಾಮಾನ್ಯವಲ್ಲ. ಆಭರಣವಿಲ್ಲದ ಮೈಯಲ್ಲಿ ತೂತು ಹೊಡೆಯುವುದಾದರೂ ಎಲ್ಲಿ? 2023ರಲ್ಲಿ ಅವರು ತೀರಿಕೊಂಡರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತಾಗ ಅವರ ವಯಸ್ಸು ತೊಂಬತ್ತನ್ನು ಮೀರಿತ್ತು. ದೇಶವಿದೇಶಗಳಲ್ಲಿ ಗೊಂಬೆಯಾಡಿಸಿ ಬಂದ ಆ ತಾಯಿಯ ಹೆಸರನ್ನು ಕನ್ನಡಿಗರಲ್ಲಿ ಬಹಳ ಜನ ಮೊದಲ ಬಾರಿಗೆ ಕೇಳಿದ್ದು ಆಗ. ಗಡಿಯಾಚೆ, ಆಂಧ್ರದ ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ಇದೇ ಬಗೆಯ ಕಲಾವಿದರು ತೊಗಲಿನಿಂದ ದೀಪದ ಮುಸುಕುಗಳನ್ನು ಮಾಡಿ ಮಾರುತ್ತಾರೆ. ಅಲ್ಲಿಯ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಉಳಿಯ ಕೆಲಸ ಉಳಿದಿದೆ, ಬಣ್ಣ ಉಳಿದಿದೆ. ದೀಪದ ಮುಸುಕಿಗೆ ಕಥೆ ಬೇಕಾಗಿಲ್ಲ.

ಈಗ ಮೇಳಗಳು ಹೆಚ್ಚಾಗಿ ಆಡುವುದು ಉತ್ಸವಗಳಲ್ಲಿ, ಸಭಾಂಗಣಗಳಲ್ಲಿ, ಕೆಲವೊಮ್ಮೆ ಶಾಲೆಗಳಲ್ಲಿ. ಅಲ್ಲಿ ಬೆಳಗಿನ ಜಾವದವರೆಗೆ ಕುಳಿತುಕೊಳ್ಳುವವರಿಲ್ಲ. ದೊರೆಯುವುದು ಒಂದು ಗಂಟೆ, ಅಥವಾ ಅದಕ್ಕೂ ಕಡಿಮೆ. ಅಷ್ಟರಲ್ಲಿ ಕಡಲನ್ನು ಹಾರಿಸಬಹುದು, ಲಂಕೆಯನ್ನು ಸುಡಬಹುದು. ಬಾಲದ ಕೋಟೆಯನ್ನೂ ಕಟ್ಟಬಹುದು. ಪಾತಾಳದ ಬಾಗಿಲಿನಲ್ಲಿ ತಂದೆ ಮಕ್ಕಳು ಒಬ್ಬರನ್ನೊಬ್ಬರು ಗುರುತಿಸುವುದಕ್ಕೆ ಮಾತ್ರ ಹಳೆಯ ಯಜಮಾನರು ಅರ್ಧ ರಾತ್ರಿಯನ್ನೇ ತೆಗೆದುಕೊಳ್ಳುತ್ತಿದ್ದರು.